ಮೊದಲ ಸಾಲನ್ನು ದಾಟಬಾರದು

ಆ ದಿನ ಮಧ್ಯಾಹ್ನದವರೆಗೆ ಮಳೆ ಬಿಡುವು ಕೊಟ್ಟಿತ್ತು. ನಾನು ಊಟದ ಡಬ್ಬಿ ಹಿಡಿದು ಹೊಲಕ್ಕೆ ಹೋದಾಗ ಐದು ಜನ ಹೆಂಗಸರು ಸಂಪಂಗಿ ಮಡಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುತ್ತಿದ್ದರು. ಬದುವಿನ ಪಕ್ಕದ ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಮಾದೇವಿ. ಅವಳ ಹಿಂದೆ ಓರೆಯಾಗಿ, ಒಬ್ಬರಿಗಿಂತ ಒಬ್ಬರು ಒಂದು ಮೊಳ ಹಿಂದೆ, ಉಳಿದ ನಾಲ್ವರು. ನಮ್ಮ ಕಡೆ ಕಳೆ ತೆಗೆಯುವವರಲ್ಲಿ ಒಂದು ಕಟ್ಟು ಇದೆ. ಮೊದಲ ಸಾಲು ಹಿಡಿದವಳು ಎಷ್ಟು ಬೇಗ ಹೋಗುತ್ತಾಳೋ ಅಷ್ಟೇ ಬೇಗ ಎಲ್ಲರೂ ಹೋಗಬೇಕು. ಯಾರ ಕೈ ಎಷ್ಟು ಚುರುಕಾಗಿದ್ದರೂ ಅವಳನ್ನು ದಾಟಬಾರದು. ಮಾದೇವಿಯನ್ನು ದಾಟುವ ಮಾತಿರಲಿ, ಅವಳ ಹಿಂದೆ ಉಳಿಯುವುದೇ ಕಷ್ಟವಾಗಿತ್ತು.

"ನಿಧಾನುಕ್ಕೋಗಕ್ಕಾ, ಆ ತುದೀಲಿ ಏನು ಜಿಲೇಬಿ ಮಡಗವ್ರಾ?" ಎಂದು ಕಾವೇರಿ ಕೂಗುತ್ತಿದ್ದಳು. ಅವಳು ಐವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಎಲ್ಲರಿಗಿಂತ ದೊಡ್ಡದು.

ನನ್ನನ್ನು ಕಂಡು ಮಾದೇವಿ ಎದ್ದು ನಿಂತಳು. ಕೈಯಲ್ಲಿ ಕೋರೆಯ ಗಡ್ಡೆಗಳ ಒಂದು ಉದ್ದನೆಯ ಸರವಿತ್ತು. ಕೋರೆ ಎಂದರೆ ಜೇಕು. ಮೇಲೆ ಹುಲ್ಲು, ಕೆಳಗೆ ಕಡಲೆಕಾಯಿ ಗಾತ್ರದ ಕಪ್ಪು ಗಡ್ಡೆಗಳು, ಒಂದರಿಂದ ಒಂದಕ್ಕೆ ದಾರದಂಥ ಬೇರು. ಆ ಸರವನ್ನು ಅವಳು ಮಣ್ಣು ಸಮೇತ ನನ್ನ ಕೊರಳಿಗೆ ಹಾಕಿದಳು.

"ತಗಳ್ರೀ ಮಾಲೆ. ಬ್ಯಾಸಗೇಲಿ ರೋಟವೇಟರ್ ಒಡೆಸಿದ ಮಹಾರಾಜ್ರಿಗೆ."

ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಹಿರಿಯಳಾದ ಪೊನ್ನಮ್ಮಕ್ಕ ಕೈ ತಟ್ಟಿದಳು. ನಾನೂ ನಕ್ಕೆ. ತಪ್ಪು ನನ್ನದೇ. ಸಂಪಂಗಿ ಗಡ್ಡೆ ನೆಡುವ ಮೊದಲು ಅಣ್ಣನ ಟ್ರ್ಯಾಕ್ಟರ್ ಸಿಕ್ಕಿತೆಂದು ಹೊಲಕ್ಕೆ ಎರಡು ಸಲ ರೋಟವೇಟರ್ ಹೊಡೆಸಿದ್ದೆ. ಮಾದೇವಿ ಬೇಡ ಎಂದಿದ್ದಳು. "ಕೋರೆ ಒಂದು ತಾಯಿ ನೂರು ಮಕ್ಕಳು. ಕತ್ತರಿಸಿದ್ರೆ ನೂರು ತಾಯಿ" ಎಂದಿದ್ದಳು. ಮಣ್ಣು ಹಿಟ್ಟಿನಂತಾಯಿತು ಎಂದು ನಾನು ಹಿಗ್ಗಿದ್ದೆ. ಆ ಹಿಟ್ಟಿನೊಳಗೆ ಬ್ಲೇಡು ಕತ್ತರಿಸಿದ ಗಡ್ಡೆಗಳೆಲ್ಲ ಚದುರಿ ಮಲಗಿದ್ದವು. ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಬಿದ್ದ ಕೂಡಲೇ ಎದ್ದವು.

ಮರುದಿನ ಬೆಳಿಗ್ಗೆ ನೀರು ಹಿಡಿಯುತ್ತಿದ್ದವಳು ಮೆಟ್ಟಿಲ ಮೇಲೆ ಕೂತಳು. ತಲೆ ಸಿಡಿಯುತ್ತದೆ ಎಂದಳು. ಮೇಟ್ಟೂರಿಗೆ ಕರೆದೊಯ್ದೆವು, ಅಲ್ಲಿಂದ ಸೇಲಂಗೆ ಕಳಿಸಿದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಇದನ್ನು ಬರೆಯಬೇಕೆಂದು ಅಂದುಕೊಂಡವನಲ್ಲ. ಹೋದ ತಿಂಗಳು ಧರ್ಮಪುರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ನಾಟಿ ಔಷಧಿ ಅಂಗಡಿಯಲ್ಲಿ ಸ್ನಾನದ ಪುಡಿ ಕುಟ್ಟುತ್ತಿದ್ದರು. ಆ ವಾಸನೆಗೆ ಕಾಲು ನಿಂತವು. ಹಸಿ ಮಣ್ಣು, ಕರ್ಪೂರ, ಸ್ವಲ್ಪ ಕಹಿ. ಏನಮ್ಮ ಅದು ಎಂದು ಕೇಳಿದೆ. "ಕೋರೈ ಕಿಳಂಗು, ಅಣ್ಣಾ. ಮೈಗೆ ನಲ್ಲದು. ಕಾಲು ಕಿಲೋ ಕಟ್ಟಲಾ?" ಎಂದಳು ಅಂಗಡಿಯವಳು. ನನ್ನ ಹೊಲದಿಂದ ಗಾಡಿಗಟ್ಟಲೆ ಕಿತ್ತೆಸೆದ ಕೋರೆ ಗಡ್ಡೆಯನ್ನು ಅಲ್ಲಿ ತಕ್ಕಡಿಯಲ್ಲಿ ತೂಗುತ್ತಿದ್ದರು. ಬೇಡ ಎಂದು ಬಸ್ ಹತ್ತಿದೆ. ಆದರೆ ದಾರಿಯುದ್ದಕ್ಕೂ ಸೂತಕದ ಆ ಹನ್ನೊಂದು ದಿನಗಳು ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂದವು.

ಮಾದೇವಿ ಬೆಟ್ಟದಾಚೆಯ ಹನೂರು ಕಡೆಯವಳು. ನಮ್ಮದು ಈಚೆ, ತಮಿಳು ಸೀಮೆಯ ಕೊಳತ್ತೂರಿನ ಪಕ್ಕದ ಹಳ್ಳಿ. ಹೆಣ್ಣು ನೋಡಲು ಹೋದಾಗ ನಮ್ಮಪ್ಪ "ನಮಗೆ ಅರ್ಧ ಎಕರೆ ಸಂಪಂಗಿ ಐತೆ" ಎಂದು ಹೇಳಿದ್ದ. ಗಡ್ಡೆ ನೆಟ್ಟು ಬೆಳೆಯುವ ಸುಗಂಧರಾಜಕ್ಕೆ ನಮ್ಮ ಕಡೆ ಸಂಪಂಗಿ ಎನ್ನುವುದು. ಅವರಿಗೆ ಅದು ಸಂಪಿಗೆ ಎಂದು ಕೇಳಿಸಿತು. ಅರ್ಧ ಎಕರೆ ಸಂಪಿಗೆ ಮರಗಳ ತೋಪು, ತಂಪು, ನೆರಳು ಎಂದೆಲ್ಲ ಅಂದುಕೊಂಡು ಮದುವೆಗೆ ಒಪ್ಪಿದರು. ಮದುವೆಯಾಗಿ ಮೂರನೇ ದಿನ ಅವಳನ್ನು ಹೊಲಕ್ಕೆ ಕರೆದೊಯ್ದೆ. ಬದುವಿನ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದಳು. "ಮರ ಎಲ್ರೀ?" ಎಂದಳು. "ಇದೇ" ಎಂದೆ. "ಇದಾ? ಉಲ್ಲು ಬೆಳೆದಿದೀರಲ್ಲ!" ಆಮೇಲೆ ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಪ್ಪತ್ತೆರಡು ವರ್ಷ ನಮ್ಮ ಜಗಳಗಳೆಲ್ಲ ಆ ಇಲ್ಲದ ಮರಗಳಲ್ಲೇ ಮುಗಿಯುತ್ತಿದ್ದವು. "ನೆಳ್ಳು ತೋರ್ಸ್ತೀನಿ ಅಂತ ಬಿಸ್ಲಿಗೆ ಕರ್ಕೊಂಬಂದ್ರು" ಎಂದುಬಿಡುತ್ತಿದ್ದಳು.

ನಾನು ಓದಿದ್ದು ತಮಿಳಿನಲ್ಲಿ, ಹತ್ತನೆಯ ತರಗತಿಯವರೆಗೆ. ಮನೆಯಲ್ಲಿ ಆಡುವ ಮಾತು ಕನ್ನಡವಾದರೂ ಅದರ ಅಕ್ಷರ ಗೊತ್ತಿರಲಿಲ್ಲ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ. ಅವಳ ತವರಿನಿಂದ ಬರುತ್ತಿದ್ದ ಕಾಗದಗಳನ್ನು ಓದಬೇಕೆಂಬ ಹಟಕ್ಕೆ ಅವಳಿಂದಲೇ ಅಕ್ಷರ ಕಲಿತೆ. ಆಮೇಲೆ ಅವಳು ತರಿಸುತ್ತಿದ್ದ ಪುಸ್ತಕಗಳನ್ನೆಲ್ಲ ಓದಿದೆ. ಮಕ್ಕಳಾಗಲಿಲ್ಲ. ಅದರ ಮಾತು ಇಲ್ಲಿ ಬೇಡ.

ಸೂತಕದ ವಿಷಯಕ್ಕೆ ಬರುತ್ತೇನೆ. ಸಾವಾದ ಮನೆಯವರು ಹನ್ನೊಂದು ದಿನ ಹೂವಿನ ಹೊಲಕ್ಕೆ ಕಾಲಿಡುವಂತಿಲ್ಲ. ಹೂವು ದೇವರಿಗೆ ಹೋಗುವುದಲ್ಲವೇ. ಆಳುಗಳೂ ಆ ಮನೆಯ ಕೆಲಸಕ್ಕೆ ಬರುವುದಿಲ್ಲ, ಆ ಮನೆಯ ನೀರು ಕುಡಿಯುವುದಿಲ್ಲ. ನಮ್ಮಪ್ಪ ಸತ್ತಾಗಲೂ ಹೀಗೇ ಮಾಡಿದ್ದೆವು. ಆದರೆ ಆಗ ಬೇಸಿಗೆ, ಗಡ್ಡೆ ಹಳೆಯದು, ಏನೂ ಕೆಡಲಿಲ್ಲ. ಈಗ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನೆಟ್ಟ ಹೊಸ ಗಡ್ಡೆ. ಮೂರು ತಿಂಗಳ ಗಿಡ. ಒಂದೆರಡು ಮಡಿಯಲ್ಲಿ ಮೊದಲ ಹೂಗಡ್ಡಿ ತಲೆ ಎತ್ತುತ್ತಿತ್ತು. ದಿನವೂ ಮಳೆ. ಐವರು ಹೆಂಗಸರು ಮೂರರಲ್ಲಿ ಒಂದು ಭಾಗವನ್ನಷ್ಟೇ ಮುಗಿಸಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಹೊರಗೆ ನಿಂತು ನೋಡಿದೆ. ಮನೆಯಿಂದಲೇ ಹೊಲ ಕಾಣುತ್ತದೆ. ಅವಳು ತೆಗೆದಿದ್ದ ಭಾಗ ಕಪ್ಪಗಿತ್ತು. ಉಳಿದದ್ದು ಹಸಿರು, ಆದರೆ ಸಂಪಂಗಿಯ ಹಸಿರಲ್ಲ. ಕೋರೆ ಗಿಡದ ಎತ್ತರಕ್ಕೆ ಬಂದಿತ್ತು. ಅದು ಬರೀ ಮೇಲೆ ಬೆಳೆಯುವುದಿಲ್ಲ. ಅದರ ಸೂಜಿಮೊನೆಯ ಬೇರು ಸಂಪಂಗಿ ಗಡ್ಡೆಯನ್ನೇ ತೂರಿ ಆಚೆ ಬರುತ್ತದೆ. ಇನ್ನೊಂದು ವಾರ ಬಿಟ್ಟರೆ ಅವಳು ನೆಟ್ಟದ್ದು ಯಾವುದು, ನಾನು ಹರಡಿದ್ದು ಯಾವುದು ಎಂದು ಬಿಡಿಸಲಾಗುವುದಿಲ್ಲ.

ಜಗುಲಿಯ ಮೂಲೆಯಲ್ಲಿ ಅವಳ ಕಳೆಕೊತ್ತು ಇತ್ತು. ಅಂಗೈಯಗಲದ ಅಲಗು, ಮೊಳದುದ್ದದ ಹಿಡಿ. ತೆಗೆದುಕೊಂಡು ಹೊರಟೆ.

"ಎಲ್ಲಿಗ್ಲಾ?" ಎಂದ ಅಣ್ಣ. ಅವನು ಮನೆಗೆ ಹಿರಿಯ. ಆ ದಿನಗಳಲ್ಲಿ ಬಂದವರನ್ನು ನೋಡಿಕೊಳ್ಳುವುದು, ಕಾರ್ಯದ ಏರ್ಪಾಡು, ಎಲ್ಲ ಅವನೇ ಮಾಡುತ್ತಿದ್ದ.

"ಒಲಕ್ಕೆ."

"ಸೂತಕದ ತೀಟ್ಟು ಐತೆ. ಊವು ಮುಟ್ಟಬಾರ್ದು. ಗೊತ್ತಿಲ್ವಾ?"

"ಊವು ಮುಟ್ಟಾಕಿಲ್ಲ. ಕೋರೆ ಮುಟ್ತೀನಿ. ಕೋರೆ ಮುಟ್ಟಬಾರ್ದು ಅಂತ ಯಾರು ಏಳವ್ರೆ?"

ಜಗುಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು ತಮಿಳಿನಲ್ಲಿ, "ಪೈತ್ಯಂ ಪುಡಿಚ್ಚಿರುಚ್ಚು, ವಿಡುಪಾ" ಎಂದರು. ಹುಚ್ಚು ಹಿಡಿದಿದೆ, ಬಿಡು ಎಂದು. ಹಾಗೆಂದುಕೊಂಡದ್ದು ನನಗೆ ಅನುಕೂಲವೇ ಆಯಿತು.

ನಾನು ಅಲ್ಲಿಯವರೆಗೆ ಕಳೆ ತೆಗೆದವನಲ್ಲ. ಗಂಡಸರು ಉಳುತ್ತಾರೆ, ನೀರು ಕಟ್ಟುತ್ತಾರೆ, ಹೂವಿನ ಮೂಟೆ ಬಸ್ಸಿಗೆ ಹಾಕುತ್ತಾರೆ. ಕಳೆ ಹೆಂಗಸರದು. ಒಂದು ಗಂಟೆ ಕುಕ್ಕರಗಾಲಿನಲ್ಲಿ ಕೂತ ಮೇಲೆ ಎದ್ದು ನಿಲ್ಲಲು ಬದುವನ್ನು ಹಿಡಿದುಕೊಳ್ಳಬೇಕಾಯಿತು. ಇಪ್ಪತ್ತೆರಡು ವರ್ಷ ಅವಳು ದಿನವೂ ಹೀಗೆ ಕೂತದ್ದನ್ನು ನಾನು ನಿಂತುಕೊಂಡೇ ನೋಡಿದ್ದೆ. ಆ ಯೋಚನೆ ಬಂದಾಗ ಮತ್ತೆ ಕೂತೆ. ಸಂಜೆಯವರೆಗೆ ನಾಲ್ಕು ಮಡಿ ಕಿತ್ತೆ. ಮಳೆ ಬಂತು, ನೆನೆದೆ. ಮಡಿಗಳು ಚೊಕ್ಕಟವಾಗಿ ಕಂಡವು. ಐದನೆಯ ದಿನ ಇನ್ನೂ ನಾಲ್ಕು.

ಆರನೆಯ ದಿನ ಹೋಗಿ ನೋಡಿದರೆ ಮೊದಲು ಕಿತ್ತ ನಾಲ್ಕು ಮಡಿಗಳಲ್ಲಿ ಕೋರೆ ಬೆರಳುದ್ದ ಎದ್ದು ನಿಂತಿತ್ತು. ಒಂದು ಇದ್ದ ಕಡೆ ಎರಡು. ನಾನು ಕಿತ್ತದ್ದು ಬರೀ ಎಲೆ. ಗಡ್ಡೆ ಕೆಳಗೆ ಹಾಗೇ ಇತ್ತು.

ಆ ಸಾವಿನ ದಿನಗಳಲ್ಲಿ ನಾನು ಗಟ್ಟಿಯಾಗಿ ಅತ್ತದ್ದು ಅಲ್ಲಿ, ಆ ಬೆರಳುದ್ದದ ಹುಲ್ಲಿನ ಮುಂದೆ. ಅವಳ ಮುಖದ ಮುಂದೆ ಅತ್ತಿರಲಿಲ್ಲ. ಇದಕ್ಕೆ ನನಗೆ ನಾಚಿಕೆ ಇಲ್ಲ.

"ಏಯ್ ಗೋವಿಂದು, ಎಲೇನ ಕೂದ್ಲು ಬೋಳಿಸ್ದಂಗೆ ಬೋಳಿಸಿದೀಯಲ್ಲೋ. ಯಾರಪ್ಪ ನಿಂಗೆ ಕಳೆ ಕಲಿಸಿದ್ದು, ನಾಪಿತನಾ?"

ತಲೆ ಎತ್ತಿದೆ. ಪೊನ್ನಮ್ಮಕ್ಕ ಬದುವಿನ ಮೇಲೆ ನಿಂತಿದ್ದಳು. ಸೆರಗು ತಲೆ ಮೇಲೆ, ಅದರ ಮೇಲೆ ಯೂರಿಯಾ ಚೀಲದ ಕೊಪ್ಪೆ. ಕೆಳಗೆ ಇಳಿಯಲಿಲ್ಲ. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿಯೂ ನೋಡದವಳಂತೆ ಮಾತು ಮುಂದುವರಿಸಿದಳು.

"ಎಲೆ ಇಡೀಬ್ಯಾಡ. ಬುಡ ಇಡಿ. ಎಲ್ಡು ಬೆಳ್ಳಲ್ಲಿ ಉರುಳಿಸು. ಮೂಲೆ ತಗಲ್ತದಾ?"

ಉರುಳಿಸಿದೆ. ಕೋರೆಯ ಕಡ್ಡಿ ದುಂಡಗಿಲ್ಲ, ಮೂರು ಮೂಲೆ. ಬೆರಳಿಗೆ ಟಕ್ ಟಕ್ ಎಂದು ತಗಲುತ್ತದೆ. "ತಗಲ್ತದೆ."

"ಆಂ. ಸಂಪಂಗಿಗೆ ಮೂಲೆ ಇಲ್ಲ. ಈಗ ಕೊತ್ತು ಓರೆಯಾಗಿ ಇಳಿಸು. ಇನ್ನೂ. ಇನ್ನೂ ಇಳಿಸ್ಲಾ, ಭೂಮ್ತಾಯಿಗೆ ನೋಯಾಕಿಲ್ಲ. ಎಳೀಬ್ಯಾಡ! ಎತ್ತು. ಎಳೆದ್ರೆ ದಾರ ಕಿತ್ತೋಗ್ತದೆ. ದಾರ ಇಡ್ಕೊಂಡು ಓಗು, ಎಲ್ಲಿಗೆ ಕರ್ಕೊಂಡೋಗ್ತದೋ ಅಲ್ಲಿಗೆ."

ಮೊದಲ ಗಡ್ಡೆ ಬಂತು, ಅದರ ಹಿಂದೆ ಎರಡನೆಯದು, ಮೂರನೆಯದು. ಇಡೀ ಸರ ಮುರಿಯದೆ ಬಂದಾಗ ಎತ್ತಿ ತೋರಿಸಿದೆ. "ಪರವಾಯಿಲ್ಲೆ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆಮೇಲೆ, "ಊವು ಮುಟ್ಟಾಕಿಲ್ಲ, ಕೋರೆ ಮುಟ್ತೀನಿ ಅಂದಂತೆ ನಿಮ್ಮಣ್ಣಂಗೆ?" ಎಂದು ಕೇಳಿದಳು.

"ಊಂ."

"ಊರೆಲ್ಲ ಅದೇ ಮಾತು." ಕೊಪ್ಪೆ ಸರಿಮಾಡಿಕೊಂಡಳು. "ನಮ್ಗೂ ಕೋರೆ ಮುಟ್ಟಾಕೆ ಅಡ್ಡಿ ಇಲ್ಲ ಅನ್ಸುತ್ತೆ. ಆದ್ರೆ ನಿನ್ ಮನೆ ನೀರು ಬ್ಯಾಡ, ಊಟ ಬ್ಯಾಡ, ಕೂಲಿ ಮಾತೂ ಈಗ ಬ್ಯಾಡ. ನಮ್ ಬುತ್ತಿ ನಾವ್ ತರ್ತೀವಿ."

ಮರುದಿನ ನಾಲ್ವರೂ ಬಂದರು. ಬುತ್ತಿ, ನೀರಿನ ಕೊಡ ತಮ್ಮದೇ. ಬದುವಿನ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊನ್ನಮ್ಮಕ್ಕ ಎರಡನೆಯ ಸಾಲಿನಲ್ಲಿ ಕೂತಳು, ಉಳಿದವರು ಮೂರು, ನಾಲ್ಕು, ಐದರಲ್ಲಿ. ಮೊದಲ ಸಾಲನ್ನು ಹಾಗೇ ಬಿಟ್ಟರು. ನಾನು ಆರನೆಯ ಸಾಲಿಗೆ ಹೋಗುತ್ತೇನೆಂದು ಅವರೆಲ್ಲ ಎಣಿಸಿದ್ದರು. ಹೋಗಲಿಲ್ಲ. ಮೊದಲ ಸಾಲಿಗೆ ಬಂದು ಕೂತೆ.

"ಅಲ್ಲಿ ಕೂರಬ್ಯಾಡಣ್ಣಾ," ಎಂದಳು ಕಾವೇರಿ, ದನಿ ಇಳಿಸಿ. "ಅದು ಅಕ್ಕನ ಸಾಲು."

"ಅದುಕ್ಕೇ ಕೂತಿರೋದು."

"ಅಲ್ಲ... ನೀನು ಅಲ್ಲಿ ಕೂತ್ರೆ ನಾವೆಲ್ಲ ನಿನ್ನ ಇಂದೆ ಬರ್ಬೇಕು."

"ಬನ್ನಿ."

ಆ ದಿನ ಏನಾಯಿತೆಂದರೆ, ಕೊಳತ್ತೂರು ಸುತ್ತಿನಲ್ಲೇ ಕೈ ಚುರುಕೆಂದು ಹೆಸರಾದ ನಾಲ್ಕು ಹೆಂಗಸರು ನನ್ನಂಥ ಮೊದ್ದುಮಣಿಯ ಹಿಂದೆ ಇಂಚು ಇಂಚಾಗಿ ತೆವಳಿದರು. ನಾನು ಒಂದು ಬುಡ ತೆಗೆಯುವಷ್ಟರಲ್ಲಿ ಅವರು ಮೂರು ತೆಗೆದು ಕೈ ಕಟ್ಟಿ ಕಾಯುತ್ತಿದ್ದರು. ದಾಟಬಹುದಿತ್ತು. ಬದುವಿನ ಮೇಲೆ ನೋಡುವವರು ಯಾರೂ ಇರಲಿಲ್ಲ. ಒಬ್ಬಳೂ ದಾಟಲಿಲ್ಲ.

ಬಾಯಿಗೆ ಮಾತ್ರ ಕಟ್ಟು ಇರಲಿಲ್ಲ.

"ಈ ಲೆಕ್ಕದಲ್ಲಿ ಓದ್ರೆ ದೀಪಾವಳಿ ಅಲ್ಲ, ಪೊಂಗಲ್ ಇಲ್ಲೇ ಇಕ್ಕಬೇಕು" ಎಂದು ಕಾವೇರಿ ಶುರು ಮಾಡಿದಳು.

"ಒಲೆ ತರ್ಲಾ?" ಎಂದಳು ಇನ್ನೊಬ್ಬಳು.

"ಬಸವನುಳ ನಮ್ಮನ್ನ ದಾಟ್ಕೊಂಡು ಓಯ್ತು, ನೋಡಿದ್ರಾ? ಅದುಕ್ಕೆ ಕಟ್ಟು ಗೊತ್ತಿಲ್ಲ, ಪಾಪ."

"ಸುಮ್ನಿರ್ರೇ," ಎಂದು ಪೊನ್ನಮ್ಮಕ್ಕ ಗದರಿಸಿದಳು. "ಮೊದಲ್ನೇ ಮಳೇಲಿ ನೀವು ಇವ್ನಿಗಿಂತ ಚೆಂದಾಗಿ ತೆಗೆದ್ರಾ? ಕಾವೇರಿ, ನೀನು ಕೋರೆ ಅಂತ ಒಂದು ಮಡಿ ಸಂಪಂಗೀನೇ ಕಿತ್ತಾಕಿದ್ದೆ. ಮಾದೇವಿ ಅಲ್ವಾ ಸಂಜೆ ಉಳ್ಕೊಂಡು ಎಲ್ಲಾನು ತಿರ್ಗಾ ನೆಟ್ಟಿದ್ದು?"

ಸ್ವಲ್ಪ ಹೊತ್ತಿಗೆ ಕಾವೇರಿ ಮೂಗು ಸೀನಿದ ಶಬ್ದ ಕೇಳಿಸಿತು. ನಾನು ಹಿಂದೆ ತಿರುಗಲಿಲ್ಲ. ಮಾದೇವಿ ಈ ಸಂಗತಿ ನನಗೆ ಹೇಳೇ ಇರಲಿಲ್ಲ. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಆ ಸಾಲಿನಲ್ಲಿ ಕೂತೇ ಎಷ್ಟೋ ಕೇಳಿದೆ.

ಒಂಬತ್ತನೆಯ ದಿನ ಅಣ್ಣ ಬಂದ. ಬೆನ್ನಿಗೆ ಔಷಧಿ ಹೊಡೆಯುವ ಟ್ಯಾಂಕು, ಕೈಯಲ್ಲಿ ನಳಿಕೆ, ನಳಿಕೆಯ ತುದಿಗೆ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ ಕಟ್ಟಿದ್ದ. ಕಳೆನಾಶಕ. ಅರ್ಧಕ್ಕಿಂತ ಹೆಚ್ಚು ಹೊಲ ಇನ್ನೂ ಹಾಗೇ ಇತ್ತು.

"ಏಳು ಮ್ಯಾಲೆ," ಎಂದ. "ಎಲ್ಡು ಗಂಟೇಲಿ ಮುಗಿಸ್ತೀನಿ. ಡಬ್ಬಿ ಕಟ್ಟಿದೀನಿ, ಗಿಡಕ್ಕೆ ಬೀಳಾಕಿಲ್ಲ."

"ಗಾಳಿ ಐತೆ. ಗಾಳಿಗೆ ಕಣ್ಣೈತಾ, ಇದು ಕೋರೆ, ಇದು ಸಂಪಂಗಿ ಅಂತ ನೋಡಾಕೆ?"

"ಓದ್ರೆ ಓಗ್ಲಿ ಬಿಡು! ಉತ್ತು ಮರಗೆಣಸು ಆಕಣ. ಸುತ್ತ ಎಲ್ಲಾರು ಆಕವ್ರೆ. ಅದುಕ್ಕೆ ಈ ಗೋಳಿಲ್ಲ."

"ಇದು ಅವ್ಳು ನೆಟ್ಟಿದ್ದು."

ಅಣ್ಣ ಹೆಂಗಸರ ಕಡೆ ನೋಡಿ, ಆಮೇಲೆ ಹೇಳಿಯೇಬಿಟ್ಟ. "ಊರಲ್ಲಿ ಏನಂತವ್ರೆ ಗೊತ್ತಾ? ಎಂಡ್ತಿ ಸತ್ತ ನಾಕೇ ದಿನುಕ್ಕೆ ಊವಿನ ಆಸೆ ಬಿಡ್ನಿಲ್ಲ ಅಂತವ್ರೆ. ಎಂಗಸ್ರ ಜತೆ ಕೂತು ಕಳೆ ತೆಗೀತವ್ನೆ ಅಂತವ್ರೆ. ಕೇಳಾಕಾಗ್ತಿಲ್ಲ ಕಣ್ಲಾ ನಂಗೆ."

ಅಣ್ಣ ಕೆಟ್ಟವನಲ್ಲ. ನನ್ನನ್ನು ಆ ಕೆಸರಿನಿಂದ ಎಬ್ಬಿಸಿ ಮನೆಗೆ ಕರೆದೊಯ್ಯಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ನಾನು ಸಾಲಿನಿಂದ ಏಳದೆ ಹೇಳಿದೆ:

"ಅನ್ನೋರು ಬಂದು ಇಲ್ಲಿ ಅನ್ಲಿ. ಕೋರೆ ಅರಡಿದ್ದು ನಾನು. ಬ್ಯಾಡ ಅಂದಿದ್ದು ಅವ್ಳು. ಅವ್ಳು ಬದುಕಿದ್ದಾಗ ತಪ್ಪು ಒಪ್ಕೊಂಡು ನಕ್ಬಿಟ್ಟೆ, ಅಷ್ಟೇ. ತೆಗೆದೋಳು ಅವ್ಳೇ. ಈಗ ನಾನು ತೆಗೀತೀನಿ. ಒಡೀತೀಯಾ, ಒಡಿ. ನಾನು ಏಳಾಕಿಲ್ಲ."

ಅಣ್ಣ ನಳಿಕೆ ಹಿಡಿದು ನಿಂತೇ ಇದ್ದ. ಆಗ ಪೊನ್ನಮ್ಮಕ್ಕ ತನ್ನ ಕೆಲಸದಿಂದ ಕಣ್ಣೆತ್ತದೆ ಹೇಳಿದಳು: "ಶಿವಣ್ಣಾ, ಒಡೆಯಂಗಿದ್ರೆ ಮೊದಲ್ನೇ ಸಾಲಿಂದ ಒಡ್ಕೊಂಡು ಬಾಪ್ಪ. ನಾವೂ ಅದ್ರ ಇಂದೇನೇ ಇದೀವಿ. ದಾಟಂಗಿಲ್ಲ ನೋಡು."

ಅಣ್ಣ ಟ್ಯಾಂಕನ್ನು ಬದುವಿನ ಮೇಲೆ ಇಳಿಸಿದ. ಮನೆಗೆ ಹೋದ. ಅರ್ಧ ಗಂಟೆಗೆ ಮಳೆ ಬಂತು. ಹೊಡೆದಿದ್ದರೆ ಔಷಧಿಯೆಲ್ಲ ತೊಳೆದು ಗಡ್ಡೆಯ ಬುಡಕ್ಕೇ ಇಳಿಯುತ್ತಿತ್ತು.

ಹತ್ತನೆಯ ದಿನ ನನ್ನ ಕೈ ಸ್ವಲ್ಪ ಓಡಿತು. ಹೆಂಗಸರು ಕಾಯುವುದು ಕಡಿಮೆಯಾಯಿತು. ಹನ್ನೊಂದನೆಯ ದಿನ ಕಾರ್ಯ. ಅದಕ್ಕೆ ಬೇಕಾದ ಹೂವನ್ನು ಅಣ್ಣ ಮೇಟ್ಟೂರಿನಿಂದ ತಂದ, ಸೇವಂತಿಗೆ, ಬಾಡಿದ್ದು. ನಮ್ಮ ಹೂವು ಅವಳ ಎಡೆಗೆ ಬರುವಂತಿರಲಿಲ್ಲ, ಮುಟ್ಟುವುದಿಲ್ಲ ಎಂದು ನಾನೇ ಮಾತು ಕೊಟ್ಟಿದ್ದೆನಲ್ಲ. ಆ ಮಾತಿಗೆ ತಪ್ಪಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಏಳು ದಿನ ಹೊಲದಲ್ಲಿ ಕೂತೆ. ಬೆಳ್ಳಗೆ ಬಿರಿದ ಹೂಗಡ್ಡಿಗಳು ನನ್ನ ಭುಜಕ್ಕೆ ತಾಗುತ್ತಿದ್ದವು, ಒಂದು ಮೊಗ್ಗನ್ನೂ ಕೈಯಿಂದ ಮುಟ್ಟಲಿಲ್ಲ. ಭುಜದ ಲೆಕ್ಕ ಯಾರೂ ಕೇಳಲಿಲ್ಲ.

ಕೊನೆಯ ಮಡಿ ಮುಗಿದದ್ದು ಹದಿನೈದನೆಯ ದಿನ. ಬದುವಿನ ಪಕ್ಕ ಗುಡ್ಡೆ ಹಾಕಿದ ಕೋರೆ ಗಡ್ಡೆಗಳು ನನ್ನ ಸೊಂಟದೆತ್ತರ ಬಂದವು. ಒಣಗಿಸಿ ಸುಟ್ಟೆವು. ಆ ಹೊಗೆ ಕೂಡ ಪರಿಮಳವಾಗಿತ್ತು. "ಇಷ್ಟು ಕಾಟ ಕೊಟ್ರೂ ವಾಸ್ನೆ ಮಾತ್ರ ಸಾಮಿ ಕೋಣೇದು, ನೋಡಿ ಇದ್ರ ತಿಮಿರು" ಎಂದಳು ಕಾವೇರಿ.

ಸುಳ್ಳು ಹೇಳಬಾರದು, ಕೋರೆ ಅಷ್ಟಕ್ಕೆ ಸಾಯಲಿಲ್ಲ. ಮರುವರ್ಷ ಬಂತು, ಅದರ ಮರುವರ್ಷವೂ. ರೋಟವೇಟರ್ ಮತ್ತೆ ಆ ಹೊಲಕ್ಕೆ ಇಳಿದಿಲ್ಲ. ಪ್ರತಿ ಐಪ್ಪಸಿಗೂ ಮೊದಲ ಸಾಲಿನಲ್ಲಿ ನಾನೇ ಕೂರುತ್ತೇನೆ. ಹೊಸದಾಗಿ ಕೆಲಸಕ್ಕೆ ಬಂದವರು, ಗಂಡಸು ಯಾಕೆ ಅಲ್ಲಿ ಕೂತಿದ್ದಾನೆ ಎಂದು ಕೇಳುತ್ತಾರೆ. ನಂಗವಳ್ಳಿಯಿಂದ ಬಂದ ನೆಂಟರು ಬದುವಿನ ಮೇಲೆ ನಿಂತು ನಕ್ಕದ್ದುಂಟು. ನಗಲಿ. ಒಬ್ಬನಿಗೆ ಕಳೆಕೊತ್ತು ಕೊಟ್ಟು ಒಂದು ಗಂಟೆ ಕೂರು ಎಂದೆ; ಕಾಲು ಗಂಟೆಗೆ ಎದ್ದ.

ಸಂಪಂಗಿಯ ಹಳೆಯ ಗಡ್ಡೆ ಒಡೆದು ಮರಿಯಾಗಿದೆ, ಮರಿಗಳನ್ನು ಬಿಡಿಸಿ ಪಕ್ಕದ ತುಂಡಿಗೂ ನೆಟ್ಟಿದ್ದೇನೆ. ಅಣ್ಣ ತನ್ನ ಮರಗೆಣಸಿನ ಹೊಲದ ಒಂದು ಮೂಲೆಗೆ ನಮ್ಮ ಗಡ್ಡೆ ಕೇಳಿ ತೆಗೆದುಕೊಂಡು ಹೋದ. ಈ ವರ್ಷ ಇಡೀ ಹೊಲದಲ್ಲಿ ಸಿಕ್ಕ ಕೋರೆ ಎರಡು ಬುಟ್ಟಿ. ನನ್ನ ಕೈ ಈಗ ಕಾವೇರಿಯ ಕೈಯಷ್ಟೇ ಓಡುತ್ತದೆ. ಹೋದ ವಾರ ಅವಳು ಹಿಂದಿನಿಂದ, "ನಿಧಾನುಕ್ಕೋಗಣ್ಣಾ" ಎಂದು ಮೊದಲ ಸಲ ಬೈದಳು.

ಇದ್ಯಾವುದೂ ಮಾದೇವಿಗೆ ಗೊತ್ತಿಲ್ಲ.